ಅಧಿಕಾರದ ನಿಯಮವೂ ಎರಡನೆಯ ಓದುಗನೂ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಿಂದ ಮೊದಲ್ಗೊಂಡು ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆಯುಂಟು. ಆ ಸಂಖ್ಯೆ ಸೊನ್ನೆಯಾದರೆ ಅವನೇ ‘ರೂಟ್’, ಎಂದರೆ ಆ ಗಣಕದ ಪರಮಾಧಿಕಾರಿ. ಉಳಿದವರೆಲ್ಲರೂ ತಂತಮ್ಮ ಕಡತಗಳ ಮಟ್ಟಿಗೆ ಸ್ವತಂತ್ರರು. ರೂಟ್‌ಗಾದರೋ ಯಾವ ಕಡತವೂ ಮುಚ್ಚಿದ್ದಲ್ಲ, ಯಾವ ಆಜ್ಞೆಯೂ ನಿಷಿದ್ಧವಲ್ಲ. ಇಂತಹ ನಿರಂಕುಶ ಶಕ್ತಿಯನ್ನು ವ್ಯವಸ್ಥೆಯ ನಡುವೆ ಪ್ರತಿಷ್ಠಾಪಿಸಿದ ಮೇಲೆ ಅದನ್ನು ಯಾರಿಗೆ, ಯಾವ ಕಾರ್ಯಕ್ಕೆ, ಎಷ್ಟರ ಮಟ್ಟಿಗೆ ಕೊಡತಕ್ಕದ್ದೆಂಬ ಪ್ರಶ್ನೆ ಏಳದೆ ಇರಲಾರದು. ಆ ಪ್ರಶ್ನೆಗೆ ಉತ್ತರವಾಗಿ ರಚಿತವಾದ ನಿಯಮಗಳ ಚರಿತ್ರೆ ಬಲ್ಲವರಿಗೆ ಪರಿಚಿತ. ಆ ನಿಯಮಗಳನ್ನು ತಿದ್ದುವ ಪ್ರತಿಯೊಂದು ಪ್ಯಾಚನ್ನೂ, ಎಂದರೆ ಕೋಡಿನ ತಿದ್ದುಪಡಿಯನ್ನೂ, ಬರೆದವನಲ್ಲದೆ ಮತ್ತೊಬ್ಬನು ಓದಿ ಒಪ್ಪಬೇಕೆಂಬ ಸಂಪ್ರದಾಯದ ಚರಿತ್ರೆ ಅಷ್ಟು ಪರಿಚಿತವಲ್ಲ. ಆದರೆ ಮೊದಲನೆಯದಕ್ಕೆ ಆಧಾರವಾಗಿ ನಿಂತಿರುವುದು ಈ ಎರಡನೆಯದೇ.

ಆದಿಯಲ್ಲಿಯೇ ಒಂದು ತೊಡಕು ಎದುರಾಯಿತು. ಪಾಸ್‌ವರ್ಡ್‌ಗಳ ಕಡತವನ್ನು ಸಾಮಾನ್ಯ ಬಳಕೆದಾರನು ತಿದ್ದಕೂಡದು. ಆದರೂ ತನ್ನ ಪಾಸ್‌ವರ್ಡನ್ನು ಬದಲಿಸಿಕೊಳ್ಳುವ ಹಕ್ಕು ಅವನಿಗಿರಬೇಕು. ಈ ವಿರೋಧವನ್ನು ಪರಿಹರಿಸಲು ರಿಚಿ ಕಂಡುಕೊಂಡ ಉಪಾಯವೇ ‘ಸೆಟ್‌ಯುಐಡಿ’ ಎಂಬ ಗುರುತು: ಅದನ್ನು ಹೊತ್ತ ಪ್ರೋಗ್ರಾಮನ್ನು ಯಾರೇ ನಡೆಸಲಿ, ಅದು ನಡೆಯುವುದು ತನ್ನ ಒಡೆಯನ ಅಧಿಕಾರದಿಂದ. 1973ರಲ್ಲಿ ಇದಕ್ಕೆ ಪೇಟೆಂಟ್ ಕೋರಲಾಯಿತು. 1979ರಲ್ಲಿ ಅದು ದೊರೆಯಿತು. ಮುಂದೆ ಬೆಲ್ ಸಂಸ್ಥೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿತು. ದೂತನ ಕೈಗೆ ರಾಜಮುದ್ರೆಯನ್ನು ಕೊಟ್ಟು ಕಳುಹಿಸಿದಂತಾಯಿತು ಇದು: ದೂತನು ನಿಷ್ಠನಾಗಿರುವವರೆಗೆ ಕಾರ್ಯವು ಸುಗಮ, ಅವನು ಬಾಯ್ತಪ್ಪಿ ಆಡಿದ ಮಾತೂ ರಾಜಾಜ್ಞೆಯೇ. ರೂಟ್ ಒಡೆತನದ ಸೆಟ್‌ಯುಐಡಿ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಬೇರೆ ಕೋಡಿಗಿಲ್ಲದ ಗುರುತ್ವ ಬಂದದ್ದು ಹೀಗೆ.

1980ರ ಸುಮಾರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾನಿಲಯದಲ್ಲಿ ಬಾಬ್ ಕಾಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು ‘ಸುಡೊ’ವನ್ನು ಬರೆದರು. ರೂಟ್‌ನ ಪಾಸ್‌ವರ್ಡನ್ನು ಹತ್ತು ಜನಕ್ಕೆ ಹಂಚುವುದರ ಬದಲು, ಯಾರು, ಯಾವ ಗಣಕದಲ್ಲಿ, ಯಾರ ಅಧಿಕಾರದಿಂದ, ಯಾವ ಆಜ್ಞೆಯನ್ನು ನಡೆಸಬಹುದೆಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟು, ಆ ಬರಹಕ್ಕನುಸಾರವಾಗಿಯೇ ಅಧಿಕಾರವನ್ನು ತುಣುಕುತುಣುಕಾಗಿ ದಯಪಾಲಿಸುವುದು ಇದರ ಮುಖ್ಯೋದ್ದೇಶ. ಇದೇ ಕಾಲದ ಮತ್ತೊಂದು ಪ್ರಸಂಗ ಭಿನ್ನವಾದ ಪಾಠವನ್ನು ಹೇಳುತ್ತದೆ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ 1984ರಲ್ಲಿ ಕೆಲವರು ನಿರ್ವಾಹಕನ ಪಾಸ್‌ವರ್ಡನ್ನು ಬದಲಿಸಿ, ಅದನ್ನು ಗುಟ್ಟಾಗಿಟ್ಟು, ಗಣಕದ ಅಧಿಕಾರವನ್ನು ತಮ್ಮದಾಗಿಸಿಕೊಳ್ಳಲು ಹವಣಿಸಿದಾಗ, ರಿಚರ್ಡ್ ಸ್ಟಾಲ್ಮನ್ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೇ ಪ್ಯಾಚ್ ಹಾಕಿ ಆ ಹವಣಿಕೆಯನ್ನು ವಿಫಲಗೊಳಿಸಿದರು. ತಮ್ಮ ಗ್ನೂ ಯೋಜನೆಯ ‘ಸು’ (ಬೇರೊಬ್ಬ ಬಳಕೆದಾರನಾಗಿ ಬದಲಾಗುವ) ಪ್ರೋಗ್ರಾಮಿನ ಕೈಪಿಡಿಯಲ್ಲಿ ಇದನ್ನು ಅವರೇ ದಾಖಲಿಸಿದ್ದಾರೆ. ಅವರ ಪಕ್ಷ ನ್ಯಾಯವೆಂದು ಒಪ್ಪುವವನೂ ಇದರಿಂದ ಗ್ರಹಿಸಬೇಕಾದ ತತ್ತ್ವವೊಂದುಂಟು: ಪಾಸ್‌ವರ್ಡನ್ನು ಬಲ್ಲವನಿಗಿಂತ ಕೋಡನ್ನು ತಿದ್ದಬಲ್ಲವನೇ ಬಲವಂತನು. ಆದುದರಿಂದ ಅಧಿಕಾರಕ್ಕೆ ಎಲ್ಲೆ ಹಾಕಬೇಕೆನ್ನುವವರು ತಿದ್ದುಪಡಿಗೂ ಎಲ್ಲೆ ಹಾಕಲೇಬೇಕು.

ತಿದ್ದುಪಡಿಯನ್ನು ಪರಿಶೀಲಿಸುವ ಸಾಧನವಾದರೂ ಆ ವೇಳೆಗೆ ಸಿದ್ಧವಾಗುತ್ತಿದ್ದಿತು. ಎರಡು ಕಡತಗಳ ಅಂತರವನ್ನು ತೋರಿಸುವ ‘ಡಿಫ್’ 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿಯೇ ಹುಟ್ಟಿತು. ಆ ಅಂತರವನ್ನು ಹಳೆಯ ಕಡತಕ್ಕೆ ಹಚ್ಚಿ ಹೊಸದನ್ನಾಗಿಸುವ ‘ಪ್ಯಾಚ್’ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಹೊರತಂದರು. ತೆಗೆದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ, ಸುತ್ತಮುತ್ತ ಬದಲಾಗದ ಮೂರು ನಾಲ್ಕು ಸಾಲು: ಪ್ಯಾಚಿನ ಸ್ವರೂಪ ಇಷ್ಟೇ. ಸಾವಿರಾರು ಸಾಲುಗಳ ಗ್ರಂಥದಲ್ಲಿ ಬದಲಾದ ಐದು ಸಾಲನ್ನೇ ಓದುವ ಸೌಕರ್ಯ ಇದರಿಂದ ಲಭಿಸಿತು. ಆ ಐದು ಸಾಲಿನಿಂದ ಅರ್ಥ ಬದಲಾದರೂ ತಾನು ಬದಲಾಗದೆ ದೂರದಲ್ಲಿ ಕುಳಿತಿರುವ ಸಾಲು ಕಣ್ಣಿಗೆ ಬೀಳದಿರುವ ಅಪಾಯವೂ ಇದರ ಜೊತೆಗೇ ಬಂದಿತು.

ಎರಡನೆಯ ಓದುಗನ ಈ ಸಂಪ್ರದಾಯದ ಬಹು ದೊಡ್ಡ ಪರೀಕ್ಷೆ 2003ರ ನವೆಂಬರಿನಲ್ಲಿ ನಡೆಯಿತು. ಲಿನಕ್ಸ್ ಕರ್ನೆಲ್ಲಿನ ಮೂಲಪ್ರತಿ ಆಗ ಬಿಟ್‌ಕೀಪರ್ ಎಂಬ ಭಂಡಾರದಲ್ಲಿದ್ದು, ಅದರ ನಕಲೊಂದನ್ನು ಸಿವಿಎಸ್ ಭಂಡಾರದಲ್ಲಿ ಇಡಲಾಗುತ್ತಿತ್ತು. ಆ ನಕಲಿನೊಳಕ್ಕೆ ಯಾರೋ ಎರಡು ಸಾಲನ್ನು ನುಸುಳಿಸಿದರು. ಅಸಂಗತವಾದ ಎರಡು ಸೂಚನೆಗಳನ್ನು ಒಟ್ಟಿಗೆ ಕೊಟ್ಟವನು ರೂಟ್ ಆಗಿದ್ದರೆ ದೋಷವೆಂದು ತಿಳಿಸುವ ಸಾಧುವಾದ ನಿಬಂಧನೆಯಂತೆ ಅದು ತೋರುತ್ತಿದ್ದಿತು. ಆದರೆ ಸಿ ಭಾಷೆಯಲ್ಲಿ ಸಮ ಚಿಹ್ನೆ ಎರಡಿದ್ದರೆ ಹೋಲಿಸು ಎಂದೂ ಒಂದೇ ಇದ್ದರೆ ಆ ಬೆಲೆಯನ್ನು ತುಂಬು ಎಂದೂ ಅರ್ಥ, ಅಲ್ಲಿದ್ದುದು ಒಂದೇ. ‘ಇವನ ಸಂಖ್ಯೆ ಸೊನ್ನೆಯೇ?’ ಎಂದು ಕೇಳಬೇಕಾದ ಸಾಲು ‘ಇವನ ಸಂಖ್ಯೆ ಸೊನ್ನೆಯಾಗಲಿ’ ಎಂದು ವರ ಕೊಡುತ್ತಿದ್ದಿತು. ಸೊನ್ನೆಯೆಂದರೆ ಸುಳ್ಳೆಂದೇ ಲೆಕ್ಕವಾದುದರಿಂದ ದೋಷಸೂಚನೆಯೂ ಹೊರಡದೆ, ಆ ಎರಡು ಸೂಚನೆಗಳ ಗುಟ್ಟನ್ನು ಬಲ್ಲವನು ಸದ್ದಿಲ್ಲದೆ ರೂಟ್ ಆಗುತ್ತಿದ್ದನು. ನಕಲಿನ ಪ್ರತಿಯೊಂದು ತಿದ್ದುಪಡಿಗೂ ಮೂಲದಲ್ಲಿ ದಾಖಲೆಯಿರಬೇಕಾಗಿದ್ದು, ಇದಕ್ಕೆ ಮಾತ್ರ ಇಲ್ಲವೆಂಬುದು ತಾಳೆ ನೋಡುವಾಗ ಬಯಲಾಯಿತು. ಬಿಟ್‌ಕೀಪರಿನ ಲ್ಯಾರಿ ಮೆಕ್‌ವಾಯ್ ಇದನ್ನು ಪ್ರಕಟಪಡಿಸಿದರು. ಬಳಿಕ ಕರ್ನೆಲ್ ಬರೆಯುವವರು ಆ ಎರಡು ಸಾಲನ್ನು ಓದಿ ಅದರ ಆಂತರ್ಯವನ್ನು ಬಿಡಿಸಿದರು. ಹೀಗೆ ದಾಖಲೆಯು ಸಂಶಯವನ್ನು ಹುಟ್ಟಿಸಿತು, ಓದು ನಿರ್ಣಯವನ್ನು ಕೊಟ್ಟಿತು. ಎಸಗಿದವನಾರೆಂಬುದು ಮಾತ್ರ ಪತ್ತೆಯಾಗಲಿಲ್ಲ.

ಮರುವರ್ಷ, ಎಂದರೆ 2004ರಲ್ಲಿ, ಅನ್ಯ ಕಾರಣವೊಂದರಿಂದ, ಕೋಡಿನ ಒಡೆತನವನ್ನು ಕುರಿತ ವ್ಯಾಜ್ಯದ ಹಿನ್ನೆಲೆಯಲ್ಲಿ, ಪ್ಯಾಚಿಗೆ ಬರೆದವನೂ ಅದನ್ನು ಮುಂದೆ ಸಾಗಿಸಿದವನೂ ಹೆಸರು ಹಾಕಬೇಕೆಂಬ ಪದ್ಧತಿ ಕರ್ನೆಲ್ ವಲಯದಲ್ಲಿ ನೆಲೆಗೊಂಡಿತು. ಕಾಲಕ್ರಮದಲ್ಲಿ ಪರಿಶೀಲಿಸಿದವನ ಸಹಿಗೂ ಪ್ರತ್ಯೇಕ ಸ್ಥಾನ ದೊರೆಯಿತು. ಆ ಸಹಿಯ ಅರ್ಥವನ್ನು ವಿವರಿಸುವ ಘೋಷಣೆಯಲ್ಲಿ, ತಾನು ಇದನ್ನು ತಾಂತ್ರಿಕವಾಗಿ ಪರೀಕ್ಷಿಸಿರುವೆನೆಂಬ ಮಾತಿನ ಜೊತೆಗೆ, ಇದು ನಿರ್ದೋಷವೆಂಬ ಖಾತರಿಯನ್ನು ಕೊಡುತ್ತಿಲ್ಲವೆಂಬ ಮಾತೂ ಇರುವುದು ಆ ಪದ್ಧತಿಯ ಪ್ರಾಮಾಣಿಕತೆಗೆ ಸಾಕ್ಷಿ.

ಖಾತರಿ ಏಕೆ ಅಸಾಧ್ಯವೆಂಬುದನ್ನು ಸುಡೊವಿನ ಈಚಿನ ಚರಿತ್ರೆಯಿಂದ ಅರಿಯಬಹುದು. ಒಬ್ಬ ಬಳಕೆದಾರನು ರೂಟ್‌ನೊಬ್ಬನನ್ನುಳಿದು ಬೇರೆ ಯಾರ ಅಧಿಕಾರದಿಂದಲಾದರೂ ಆಜ್ಞೆ ನಡೆಸಬಹುದೆಂಬ ನಿಯಮವನ್ನು ಬರೆಯಲು ಅದರಲ್ಲಿ ಅವಕಾಶವುಂಟು. ಅಂತಹ ಬಳಕೆದಾರನು ‘ಋಣ ಒಂದು’ ಎಂಬ ಸಂಖ್ಯೆಯ ಅಧಿಕಾರವನ್ನು ಕೋರಿದರೆ, ಆ ಸಂಖ್ಯೆ ಸೊನ್ನೆಯಲ್ಲವಾದ ಕಾರಣ ನಿಯಮವು ಒಪ್ಪುತ್ತಿದ್ದಿತು. ಕರ್ನೆಲ್ಲಾದರೋ ‘ಋಣ ಒಂದು’ ಎಂಬುದನ್ನು ‘ಏನನ್ನೂ ಬದಲಿಸಬೇಡ’ ಎಂಬರ್ಥದಲ್ಲಿ ಗ್ರಹಿಸುತ್ತಿದ್ದಿತು. ಸುಡೊ ಆ ವೇಳೆಗಾಗಲೇ ರೂಟ್ ಆಗಿ ನಡೆಯುತ್ತಿದ್ದುದರಿಂದ ಆಜ್ಞೆಯೂ ರೂಟ್ ಆಗಿಯೇ ನಡೆದುಹೋಗುತ್ತಿದ್ದಿತು. 2019ರ ಅಕ್ಟೋಬರಿನಲ್ಲಿ ಇದು ಬೆಳಕಿಗೆ ಬಂದು ಸರಿಯಾಯಿತು. ಇಲ್ಲಿ ಯಾವ ಸಾಲೂ ತಾನಾಗಿ ತಪ್ಪಲ್ಲ. ಎರಡು ಸಾಲುಗಳು ಒಂದೇ ಸಂಖ್ಯೆಗೆ ಎರಡರ್ಥವನ್ನಿಟ್ಟುಕೊಂಡಿದ್ದುದೇ ಪ್ರಮಾದ.

ಎರಡನೆಯ ಪ್ರಸಂಗ ಇನ್ನೂ ಗಂಭೀರವಾದುದು. 2011ರ ಜುಲೈನಲ್ಲಿ ಸೇರಿದ ಒಂದು ತಿದ್ದುಪಡಿಯ ಫಲವಾಗಿ, ಕೊಟ್ಟ ಪಠ್ಯದ ಕೊನೆಯಲ್ಲಿ ಒಂಟಿ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಬಂದರೆ ಸುಡೊ ಆ ಪಠ್ಯದ ಎಲ್ಲೆಯನ್ನು ದಾಟಿ ಓದುತ್ತ, ತನಗೆ ಸಲ್ಲದ ಸ್ಮೃತಿಸ್ಥಾನದಲ್ಲಿ ಬರೆಯುತ್ತ ಹೋಗುವ ಸಂಭವವುಂಟಾಯಿತು. ನಿಯಮದ ಕಡತದಲ್ಲಿ ಹೆಸರೇ ಇಲ್ಲದವನೂ ಇದರ ಮೂಲಕ ರೂಟ್ ಆಗಬಹುದಾಗಿದ್ದಿತು. ಕ್ವಾಲಿಸ್ ಸಂಸ್ಥೆಯ ಸಂಶೋಧಕರು ಇದನ್ನು ಹೊರಗೆಡಹಿದ್ದು 2021ರ ಜನವರಿಯಲ್ಲಿ. ಹತ್ತಿರ ಹತ್ತಿರ ಹತ್ತು ವರ್ಷ ಆ ಕೋಡು ಜಗತ್ತಿನ ಮುಂದೆ ತೆರೆದೇ ಇದ್ದಿತು. ಕಣ್ಣುಗಳು ಸಾಕಷ್ಟಿದ್ದರೆ ದೋಷಗಳು ತಾವಾಗಿಯೇ ಕಾಣಿಸುವುವೆಂಬ ಮುಕ್ತ ತಂತ್ರಾಂಶದ ಪ್ರಸಿದ್ಧ ಸಿದ್ಧಾಂತಕ್ಕೆ ಇದರಿಂದ ಒಂದು ತಿದ್ದುಪಡಿ ಅವಶ್ಯವಾಯಿತು. ಓದುವುದಕ್ಕೆ ಅವಕಾಶವಿರುವುದೇ ಬೇರೆ, ಓದುವುದು ತನ್ನ ಹೊಣೆಯೆಂದು ಒಬ್ಬನು ಕುಳಿತು ಓದುವುದೇ ಬೇರೆ. ಅಸಂಖ್ಯಾತ ಗಣಕಗಳು ನಂಬಿಕೊಂಡಿರುವ ಈ ಪ್ರೋಗ್ರಾಮನ್ನು 1990ರ ದಶಕದ ಮೊದಲ ವರ್ಷಗಳಿಂದ ಮುಖ್ಯವಾಗಿ ಪೋಷಿಸುತ್ತ ಬಂದಿರುವವರು ಟಾಡ್ ಮಿಲ್ಲರ್ ಎಂಬೊಬ್ಬರೇ ಎಂಬುದನ್ನು ನೆನೆದರೆ, ಲೋಪವನ್ನು ಅವರ ಮೇಲೆ ಹೊರಿಸುವುದಕ್ಕಿಂತ ಅವರ ಪಕ್ಕದಲ್ಲಿ ಕುಳಿತು ಓದದಿದ್ದ ಜಗತ್ತಿನ ಮೇಲೆ ಹೊರಿಸುವುದು ಯುಕ್ತವೆನಿಸುತ್ತದೆ.

ಪರಿಹಾರಗಳೂ ಹುಡುಕಲ್ಪಟ್ಟಿವೆ. ಓಪನ್‌ಬಿಎಸ್‌ಡಿಯವರು 2015ರಲ್ಲಿ ‘ಡೂಆಸ್’ ಎಂಬ ಕಿರಿಯ ಪ್ರೋಗ್ರಾಮನ್ನು ಸುಡೊವಿಗೆ ಬದಲಾಗಿ ತಂದರು; ಅದರ ಮುಖ್ಯ ಗುಣ ಮಿತತ್ವ, ಎಂದರೆ ಒಬ್ಬ ಮನುಷ್ಯನು ಪೂರ್ಣವಾಗಿ ಓದಿ ಮುಗಿಸಬಹುದಾದಷ್ಟು ಚಿಕ್ಕದಾಗಿರುವುದು. ಸುಡೊವನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯುವ ಯತ್ನವೂ ಫಲಿಸಿ, 2025ರ ಅಕ್ಟೋಬರಿನ ಉಬುಂಟುವಿನಲ್ಲಿ ಅದೇ ಮೊದಲ ಆಯ್ಕೆಯಾಯಿತು. ಸ್ಮೃತಿಯ ಎಲ್ಲೆಯನ್ನು ಮೀರುವ ಜಾತಿಯ ದೋಷವನ್ನು ಇಂತಹ ಭಾಷೆ ಬಹುಮಟ್ಟಿಗೆ ತಡೆಯುತ್ತದೆ. ಇದು ದೊಡ್ಡ ಲಾಭವೇ ಸರಿ. ಆದರೆ ‘ಋಣ ಒಂದು’ ಎಂಬುದಕ್ಕೆ ನಿಯಮವು ಒಂದರ್ಥವನ್ನೂ ಕರ್ನೆಲ್ಲು ಮತ್ತೊಂದರ್ಥವನ್ನೂ ಮಾಡುವುದನ್ನು ಯಾವ ಭಾಷೆಯೂ ತಾನಾಗಿ ಹಿಡಿಯಲಾರದು. ಈ ಸಾಲಿನಿಂದ ಇಂದು ಯಾರಿಗೆ ನಿನ್ನೆಯಿಲ್ಲದ ಅಧಿಕಾರ ಬಂದಿತು, ನಿಷೇಧಿಸಿದ್ದನ್ನು ಬೇರೊಂದು ಹೆಸರಿನಿಂದ ಕೇಳಿದರೆ ಏನಾದೀತು, ಪ್ಯಾಚಿನಲ್ಲಿ ಕಾಣದ ಯಾವ ಸಾಲು ಇದನ್ನು ನಂಬಿಕೊಂಡಿದೆ ಎಂದು ಕೇಳುವ ಮನಸ್ಸೇ ಅದನ್ನು ಹಿಡಿಯಬೇಕು.

ಬರೆದವನ ಹೆಸರನ್ನು ಚರಿತ್ರೆ ಸ್ಮರಿಸುತ್ತದೆ, ದೋಷವನ್ನು ಕಂಡುಹಿಡಿದವನ ಹೆಸರನ್ನು ಪತ್ರಿಕೆಗಳು ಮೆರೆಯಿಸುತ್ತವೆ. ಮೊದಲೇ ಓದಿ ‘ಇದು ಬೇಡ’ ಎಂದು ಹಿಂತಿರುಗಿಸಿದವನ ಶ್ರಮ ಮಾತ್ರ ನಡೆಯದೆ ಹೋದ ಅನರ್ಥದಂತೆ ಅಗೋಚರವಾಗಿಯೇ ಉಳಿಯುತ್ತದೆ. ಈ ತಂತ್ರಾಂಶಗಳಿಂದ ಬದುಕುತ್ತಿರುವ ಸಂಸ್ಥೆಗಳು ಆ ಓದುಗನಿಗೆ ವೇತನವನ್ನೂ ವೇಳೆಯನ್ನೂ ಕೊಡುವುದು ತಮ್ಮ ಋಣವೆಂದು ತಿಳಿಯತಕ್ಕದ್ದು. ಏಕೆಂದರೆ ನಿರಂಕುಶವಾದ ರೂಟ್‌ಗೆ ನಾವು ಇದುವರೆಗೆ ಕಂಡುಕೊಂಡಿರುವ ಅಂಕುಶಗಳಲ್ಲೆಲ್ಲಾ ಶ್ರೇಷ್ಠವಾದುದು ತಿಳಿದವನೊಬ್ಬನ ಸಾವಧಾನವಾದ ಓದೇ ಆಗಿದೆ.