ಹಗುರ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ: ತೂಕ ಇಳಿಸಲು ಏನನ್ನು ತೆಗೆದಿದ್ದಾರೆ?

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿ ನಮ್ಮ ಕರಾವಳಿಯ ಹೆಚ್ಚಿನ ಓದುಗರಿಗೆ ಒಂದು ಟೋಲ್ ನಾಕಾದ ಹೆಸರಾಗಿ ಮಾತ್ರ ಪರಿಚಿತ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕ ಮುಗಿಯುವುದು ಇಲ್ಲಿ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಮಹಾರಾಷ್ಟ್ರದಿಂದ ಬರುವವರ ಆರ್‌ಟಿ-ಪಿಸಿಆರ್ ವರದಿಯನ್ನು ತಪಾಸಣೆ ಮಾಡುತ್ತಿದ್ದ ಗಡಿ ಠಾಣೆಯೂ ಇದೇ ಊರಿನಲ್ಲಿತ್ತು. ಮೇಲಿನ ಓದಿಗೆ ಇಲ್ಲಿಯ ಮಕ್ಕಳಿಗೆ ಒಂದು ಕಡೆ ನಿಪ್ಪಾಣಿ, ಚಿಕ್ಕೋಡಿ. ಇನ್ನೊಂದು ಕಡೆ ಗಡಿ ದಾಟಿದರೆ ಕಾಗಲ್, ಕೊಲ್ಹಾಪುರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎನ್ನುವ ಪರಿಸ್ಥಿತಿ ಅಲ್ಲಿ ಸಾಮಾನ್ಯ.

ಈ ಊರಿನ ಒಂದು ಮನೆಯಿಂದ ಬಂದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಮಗಳು ಬಿ.ಕಾಂ. ಸೇರಿದ್ದಾಳೆ. "ದಿನಾಲೂ ಬಸ್ಸಿನಾಗ ಹೊತ್ಕೊಂಡು ಹೋಗ್ಬೇಕ್ರಿ ಫಾದರ್, ಹಗುರ ಇರ್ಬೇಕು, ಡಿಗ್ರಿ ಮುಗಿಯೂತನಕ ಬಾಳಬೇಕು. ನಲವತ್ತು ಸಾವಿರದ ಮ್ಯಾಲ ನಮ್ಮ ಕೈಲೆ ಆಗೂದಿಲ್ಲ" ಎಂದು ತಂದೆ ಹೇಳಿದರು. ಅದು ತಂಬಾಕು ಮಾರಿ ತೆಗೆದಿಟ್ಟ ಹಣ. ಅಂಗಡಿಯಲ್ಲಿ ಅವರಿಗೆ ತೋರಿಸಿದ್ದ ಲ್ಯಾಪ್‌ಟಾಪ್ 1.2 ಕಿಲೋ ತೂಕದ್ದು, ನೋಡಲು ಚೆಂದ, ಬೆಲೆಯೂ ಅವರ ಮಿತಿಗಿಂತ ಬಹಳ ಕಡಿಮೆ. ಒಳಗೆ ಇದ್ದುದು 4 ಜಿಬಿ ಮೆಮೊರಿ, 64 ಜಿಬಿಯ ಇಎಂಎಂಸಿ ಸಂಗ್ರಹ. ಅದನ್ನು ಕೊಳ್ಳಬೇಡಿ ಎಂದು ನಾವು ತಿಳಿಸಿದೆವು. ಕಾರಣವನ್ನು ವಿವರವಾಗಿ ಇಲ್ಲಿ ಕೊಡಲಾಗಿದೆ. ನಮ್ಮ ಧರ್ಮಕೇಂದ್ರಗಳಲ್ಲೂ ಜೂನ್ ತಿಂಗಳು ಬಂದಾಗ ಇದೇ ಪ್ರಶ್ನೆ ಕೇಳಿಬರುತ್ತದೆ.

ಹಗುರ ಆಗುವುದು ಹೇಗೆ?

ಯಾವುದೇ ಲ್ಯಾಪ್‌ಟಾಪ್ ಸುಮ್ಮನೆ ಹಗುರವಾಗುವುದಿಲ್ಲ. ಏನನ್ನಾದರೂ ತೆಗೆದಿರಬೇಕು, ಇಲ್ಲವೇ ದುಬಾರಿ ಲೋಹವನ್ನು ಬಳಸಿರಬೇಕು. 2007ರಲ್ಲಿ ಏಸಸ್ ಕಂಪನಿ ಹೊರತಂದ ಈಈಈ ಪಿಸಿ ಒಂದು ಕಿಲೋಗೂ ಕಡಿಮೆ ಇತ್ತು. ಆದರೆ ಪರದೆ ಏಳೇ ಅಂಗುಲ, ಸಂಗ್ರಹ ಬರೀ 4 ಜಿಬಿ. ಮರುವರ್ಷ ಜನವರಿಯಲ್ಲಿ ಆ್ಯಪಲ್ ಬಿಡುಗಡೆ ಮಾಡಿದ ಮೊದಲ ಮ್ಯಾಕ್‌ಬುಕ್ ಏರ್ 1.36 ಕಿಲೋ ತೂಗುತ್ತಿತ್ತು. ಅದರಲ್ಲಿ ಸಿಡಿ ಡ್ರೈವ್ ಇರಲಿಲ್ಲ, ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ತೂತು ಇರಲಿಲ್ಲ, ಯುಎಸ್‌ಬಿ ಒಂದೇ ಒಂದು, ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಲಾಗಿತ್ತು. ಇಂದಿನ ತೆಳು ಲ್ಯಾಪ್‌ಟಾಪ್‌ಗಳೆಲ್ಲ ಬಹುಮಟ್ಟಿಗೆ ಇದೇ ದಾರಿ ಹಿಡಿದಿವೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ತೂಕ?" ಎಂಬುದಲ್ಲ, "ಇದರಲ್ಲಿ ಏನು ಇಲ್ಲ? ಇಲ್ಲದ್ದನ್ನು ನಾಳೆ ಹಾಕಿಸಬಹುದೇ?" ಎಂಬುದು. ಸಿಡಿ ಡ್ರೈವ್ ಇಲ್ಲದಿದ್ದರೆ ತೊಂದರೆ ಇಲ್ಲ. ಬೆಸುಗೆ ಹಾಕಿದ 4 ಜಿಬಿ ಮೆಮೊರಿ ಮಾತ್ರ ಕೊನೆಯ ತನಕ 4 ಜಿಬಿಯೇ. ಯಾವ ಮೆಕ್ಯಾನಿಕ್ ಕೂಡ ಅದನ್ನು ಸುಲಭದಲ್ಲಿ ಹೆಚ್ಚಿಸಲಾರ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಪ್ರಮಾಣವೇ 4 ಜಿಬಿ ಮೆಮೊರಿ ಮತ್ತು 64 ಜಿಬಿ ಸಂಗ್ರಹ. ಕನಿಷ್ಠ ಎಂದರೆ ಗಾಡಿ ಸ್ಟಾರ್ಟ್ ಆಗುತ್ತದೆ ಅಷ್ಟೇ, ಘಾಟಿ ಹತ್ತುವುದಿಲ್ಲ. ಬ್ರೌಸರಿನಲ್ಲಿ ನಾಲ್ಕು ಪುಟ, ಒಂದು ಎಕ್ಸೆಲ್ ಕಡತ, ಜೊತೆಗೆ ಒಂದು ಆನ್‌ಲೈನ್ ತರಗತಿ ತೆರೆದರೆ ಯಂತ್ರ ನಿಂತು ನಿಂತು ಸಾಗುತ್ತದೆ. ಇಎಂಎಂಸಿ ಎಂಬುದು ಅಗ್ಗದ ಮೊಬೈಲುಗಳಲ್ಲಿ ಇರುವಂತಹ ಸಂಗ್ರಹ. ಎಸ್‌ಎಸ್‌ಡಿಗಿಂತ ಬಹಳ ನಿಧಾನ. ಆ 64 ಜಿಬಿಯಲ್ಲಿ ಒಂದು ದೊಡ್ಡ ಪಾಲನ್ನು ವಿಂಡೋಸ್ ತಾನೇ ತೆಗೆದುಕೊಳ್ಳುವುದರಿಂದ ವರ್ಷದೊಳಗೆ "ಜಾಗವಿಲ್ಲ" ಎಂಬ ಸಂದೇಶ ಬರತೊಡಗುತ್ತದೆ. ಮೂರು ವರ್ಷದ ಓದಿಗೆ 8 ಜಿಬಿ ಮೆಮೊರಿ ಮತ್ತು 256 ಜಿಬಿ ಎಸ್‌ಎಸ್‌ಡಿ ಇರಲೇಬೇಕು. ಮೆಮೊರಿ ಬೆಸುಗೆ ಹಾಕಿದ್ದಾದರೆ ಸಾಧ್ಯವಾದಷ್ಟು 16 ಜಿಬಿಯೇ ಇರಲಿ. ಖಾಲಿ ಸ್ಲಾಟ್ ಇದ್ದರೆ ಈಗ 8 ಸಾಕು, ಮುಂದೆ ಸೇರಿಸಬಹುದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತು. ಹಾಗಾಗಿ ಕಡಿಮೆ ಮೆಮೊರಿಯ ಮಾದರಿಗಳನ್ನು ದೊಡ್ಡ ರಿಯಾಯಿತಿಯ ಹೆಸರಿನಲ್ಲಿ ಮುಂದಿಡುವ ಅಂಗಡಿಗಳ ಬಗ್ಗೆ ಎಚ್ಚರ ಬೇಕು.

ಪ್ರೊಸೆಸರ್ ಬಗ್ಗೆ ಒಂದೇ ಮಾತು: ಹೆಸರಿನ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಎಎಂಡಿಯ ರೈಝೆನ್ 5 7520ಯು ಹೊಸದೆಂಬಂತೆ ಕಾಣುತ್ತದೆ, ಆದರೆ ಮೂರನೆಯ ಅಂಕಿ 2 ಆಗಿರುವುದರಿಂದ ಅದರ ಒಳರಚನೆ 2019ರ ಝೆನ್ 2. ಅದೇ ಸಾಲಿನ 7530ಯು ಒಂದು ಪೀಳಿಗೆ ಮುಂದಿನದು. ಓದುಬರಹಕ್ಕೆ ಎರಡೂ ನಡೆಯುತ್ತವೆ. ಒಂದೇ ಬೆಲೆ ಕೊಡುವುದು ಮಾತ್ರ ಸರಿಯಲ್ಲ.

ಚೀಲದಲ್ಲಿ ಇರುವ ತೂಕ

2019ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಚೀಲದ ತೂಕಕ್ಕೆ ಮಿತಿ ಹಾಕಿದಾಗ ಒಂಬತ್ತು ಮತ್ತು ಹತ್ತನೇ ತರಗತಿಗೆ ನಿಗದಿಪಡಿಸಿದ್ದು 4ರಿಂದ 5 ಕಿಲೋ. ಕಾಲೇಜಿನವರಿಗೆ ಇಂತಹ ನಿಯಮ ಇಲ್ಲ, ಬೆನ್ನು ಮಾತ್ರ ಅದೇ ಬೆನ್ನು. 15.6 ಅಂಗುಲದ ಸಾಮಾನ್ಯ ಲ್ಯಾಪ್‌ಟಾಪ್ ಸುಮಾರು 1.6ರಿಂದ 1.8 ಕಿಲೋ, 14 ಅಂಗುಲದ್ದು 1.3ರಿಂದ 1.5 ಕಿಲೋ ತೂಗುತ್ತದೆ. ಆಟದ ಲ್ಯಾಪ್‌ಟಾಪ್‌ಗಳು ಎರಡು ಕಿಲೋ ದಾಟುತ್ತವೆ, ಅವುಗಳ ಚಾರ್ಜರೇ ಅರ್ಧ ಕಿಲೋ. ಪೆಟ್ಟಿಗೆಯ ಮೇಲೆ ಬರೆದ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಅಂಗಡಿಯಲ್ಲಿ ಚಾರ್ಜರನ್ನೂ ಕೈಯಲ್ಲಿ ಹಿಡಿದು ನೋಡಿ.

ಅದೇ ರೀತಿ 1.4 ಕಿಲೋದ ಯಂತ್ರಕ್ಕೂ 1.2 ಕಿಲೋದ ಯಂತ್ರಕ್ಕೂ ಇರುವ ವ್ಯತ್ಯಾಸ ಒಂದು ಲೋಟ ನೀರಿನಷ್ಟು. ಆ ಕೊನೆಯ ಇನ್ನೂರು ಗ್ರಾಮಿಗಾಗಿ ಹದಿನೈದು ಇಪ್ಪತ್ತು ಸಾವಿರ ಹೆಚ್ಚು ಕೊಡುವುದನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ. ದಿನಾ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ 14 ಅಂಗುಲ, ಒಂದೂವರೆ ಕಿಲೋ ಒಳಗೆ ಎಂಬ ಅಳತೆ ಸಾಕು.

ಬ್ಯಾಟರಿ ಚೆನ್ನಾಗಿದ್ದರೆ ಚಾರ್ಜರನ್ನು ಮನೆಯಲ್ಲೇ ಬಿಟ್ಟು ಹೋಗಬಹುದು, ಅದೇ ನಿಜವಾದ ಹಗುರ. ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ಗಳಲ್ಲಿ ಬರೆದಿರುತ್ತಾರೆ. ಬರಹ, ಓದು, ಬ್ರೌಸಿಂಗ್‌ನಂತಹ ಕೆಲಸಕ್ಕೆ ಯಂತ್ರ ಸುಮಾರು 7 ವ್ಯಾಟ್ ತೆಗೆದುಕೊಂಡರೆ, 42 ವ್ಯಾಟ್-ಅವರ್ ಬ್ಯಾಟರಿ ಆರು ತಾಸು ನಡೆಯಬೇಕು. "ಹದಿನೆಂಟು ತಾಸು" ಎಂಬ ಜಾಹೀರಾತನ್ನು ನಂಬುವ ಮೊದಲು ಈ ಭಾಗಾಕಾರ ಮಾಡಿ. ಚಾರ್ಜಿಂಗ್ ಟೈಪ್-ಸಿ ಮೂಲಕ ಆಗುವಂತಿರಲಿ. ಆಗ ಚಾರ್ಜರ್ ಕೆಟ್ಟರೂ ನಿಪ್ಪಾಣಿಯಲ್ಲಾಗಲಿ ಕುಂದಾಪುರದಲ್ಲಾಗಲಿ ಬೇರೆ ಸಿಗುತ್ತದೆ, ಸಾಕಷ್ಟು ವ್ಯಾಟ್ ಇರುವ ಪವರ್ ಬ್ಯಾಂಕಿನಿಂದಲೂ ಕೆಲಸ ನಡೆಯುತ್ತದೆ. ಸೆಟ್ಟಿಂಗ್‌ನಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯ ಹಲವು ಮಾದರಿಗಳಲ್ಲಿದೆ. ರಜೆಯಲ್ಲಿ ಮನೆಯಲ್ಲೇ ಪ್ಲಗ್ಗಿಗೆ ಹಾಕಿಡುವವರು ಅದನ್ನು ಬಳಸಿದರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಕನ್ನಡ, ಮರಾಠಿ ಮತ್ತು ಟ್ಯಾಲಿ

ಯಾವ ಕೆಲಸಕ್ಕೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಬಿ.ಕಾಂ. ವಿದ್ಯಾರ್ಥಿಗೆ ಟ್ಯಾಲಿ ಬೇಕು. ಬೆಂಗಳೂರಿನ ಕಂಪನಿಯೇ ತಯಾರಿಸುವ ಈ ತಂತ್ರಾಂಶ ವಿಂಡೋಸಿಗಾಗಿ ಇರುವುದು. ಹೀಗಾಗಿ ಕಡಿಮೆ ಬೆಲೆಯ, ಹಗುರವಾದ ಕ್ರೋಮ್‌ಬುಕ್ ಅವಳಿಗೆ ಹೊಂದುವುದಿಲ್ಲ. ನುಡಿ, ಬರಹಗಳಲ್ಲಿ ಹಳೆಯ ಕಡತಗಳನ್ನು ಇಟ್ಟುಕೊಂಡಿರುವ ಧರ್ಮಕೇಂದ್ರದ ಕಚೇರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2024ರಿಂದ ಬಂದಿರುವ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬಹಳ ಹೊತ್ತು ಬರುತ್ತದೆ ನಿಜ. ಆದರೆ ಹಳೆಯ ಪ್ರಿಂಟರುಗಳ ಡ್ರೈವರ್ ಅವುಗಳಲ್ಲಿ ಕೂರದಿರಬಹುದು. ಕಚೇರಿಯ ಪ್ರಿಂಟರ್ ಹೆಸರನ್ನು ಬರೆದುಕೊಂಡು ಹೋಗಿ ವಿಚಾರಿಸಿ.

ಕನ್ನಡ ಟೈಪಿಂಗಿಗೆ ಈಗ ಬೇರೆ ತಂತ್ರಾಂಶ ಹಾಕಲೇಬೇಕೆಂದಿಲ್ಲ. ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ, 2019ರಿಂದ ಕನ್ನಡ ಫೊನೆಟಿಕ್ ಕೂಡ ಸೇರಿದೆ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಕೈ ಒಗ್ಗಿದವರು ನುಡಿಯಲ್ಲಿ ಅದನ್ನೇ ಮುಂದುವರಿಸಬಹುದು. ಕೊಗನೊಳ್ಳಿಯಂತಹ ಎರಡು ಭಾಷೆಯ ಊರಿಗೆ ಮಾತ್ರ ಇನ್‌ಸ್ಕ್ರಿಪ್ಟ್ ಕಲಿಯುವುದು ಲಾಭ. 1986ರಲ್ಲಿ ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ಈ ವಿನ್ಯಾಸದಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲೇ ಮರಾಠಿಯ 'ಕ' ಕೂಡ ಇದೆ. ಒಮ್ಮೆ ಬೆರಳು ಕಲಿತರೆ ಎರಡೂ ಲಿಪಿ ಬಂದಂತೆ.

ಪರದೆ 1920×1080 ಇರಲಿ. ಅಗ್ಗದ ಮಾದರಿಗಳ 1366×768 ಪರದೆಯಲ್ಲಿ ಇಂಗ್ಲಿಷ್ ಹೇಗೋ ಓದಬಹುದು. ನಮ್ಮ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡು ಕಣ್ಣಿಗೆ ಆಯಾಸ ಕೊಡುತ್ತವೆ. ಅಂಗಡಿಯಲ್ಲಿ ಒಂದು ಕನ್ನಡ ಪುಟ ತೆರೆಸಿ, ಓರೆಯಿಂದಲೂ ನೋಡಿ. ಬಣ್ಣ ಬದಲಾದಂತೆ, ಮಬ್ಬಾದಂತೆ ಕಂಡರೆ ಬೇರೆಯದನ್ನು ಕೇಳಿ.

ಬಳಸಿದ ಲ್ಯಾಪ್‌ಟಾಪ್ ಆಗಬಹುದೇ?

ಆಗಬಹುದು. ನಲವತ್ತು ಸಾವಿರದ ಒಳಗೆ ಗಟ್ಟಿಯಾದ, ಹಗುರವಾದ ಯಂತ್ರ ಬೇಕೆಂದರೆ ಕಂಪನಿಗಳಿಂದ ಬಿಟ್ಟ ವ್ಯಾವಹಾರಿಕ ಮಾದರಿಗಳೇ ಹಲವು ಬಾರಿ ಹೊಸ ಅಗ್ಗದ ಮಾದರಿಗಿಂತ ಮೇಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವುಗಳ ದೊಡ್ಡ ವ್ಯಾಪಾರವಿದೆ. ಲೆನೊವೊ ಥಿಂಕ್‌ಪ್ಯಾಡ್ ಟಿ480ಎಸ್ ಸುಮಾರು 1.3 ಕಿಲೋ ಇದ್ದು ಮೆಮೊರಿಗೆ ಒಂದು ಸ್ಲಾಟ್ ಕೊಡುತ್ತದೆ. ಡೆಲ್ ಲ್ಯಾಟಿಟ್ಯೂಡ್ 7390 ಅದಕ್ಕಿಂತ ಚಿಕ್ಕದು. ಎರಡೂ 2018ರ ಯಂತ್ರಗಳು.

2018 ಎಂಬ ವರ್ಷವನ್ನು ನೆನಪಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಬೇಕು. ಐ5-8250ಯು ಎಂದಿದ್ದರೆ ಅಡ್ಡಗೆರೆಯ ನಂತರದ 8 ಪೀಳಿಗೆಯನ್ನು ಸೂಚಿಸುತ್ತದೆ, ಅದು ಸರಿ. ಐ5-7200ಯು ಎಂದಿದ್ದರೆ ಬೇಡ. "ನಾವು ಹನ್ನೊಂದು ಹಾಕಿಕೊಟ್ಟಿದ್ದೇವೆ, ಚೆನ್ನಾಗಿ ನಡೆಯುತ್ತದೆ" ಎಂದು ಅಂಗಡಿಯವರು ಹೇಳಬಹುದು. ಅಡ್ಡದಾರಿಯಲ್ಲಿ ಹಾಕಿದ್ದಕ್ಕೆ ಮುಂದಿನ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಇಲ್ಲ. ಹಣದ ವ್ಯವಹಾರ ಮಾಡುವ ಯಂತ್ರದಲ್ಲಿ ಇದು ಸಣ್ಣ ವಿಷಯವಲ್ಲ. ಈಗಾಗಲೇ ಅಂತಹ ಹಳೆಯ ಯಂತ್ರ ಮನೆಯಲ್ಲಿದ್ದು, ಟ್ಯಾಲಿಯಂತಹ ಅಗತ್ಯ ಇಲ್ಲದಿದ್ದರೆ ಲಿನಕ್ಸ್ ಹಾಕಿ ಬಳಸಬಹುದು. ಅದರಲ್ಲೂ ಕನ್ನಡ ಚೆನ್ನಾಗಿ ನಡೆಯುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಲು ಹೇಳಿ. ಹೊಸದಾಗಿದ್ದಾಗಿನ ಸಾಮರ್ಥ್ಯ ಮತ್ತು ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ. ಈಗಿನದು ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳುವುದು ನ್ಯಾಯ. ಕೆಳಭಾಗ ಉಬ್ಬಿದ್ದರೆ ಮುಟ್ಟಲೇಬೇಡಿ.

ಧರ್ಮಕೇಂದ್ರದ ಕೆಲಸಕ್ಕೆ

ಜ್ಞಾನಸ್ನಾನ, ವಿವಾಹದ ದಾಖಲೆಗಳನ್ನು ಬರೆಯುವ ಕಚೇರಿಯ ಯಂತ್ರ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಹಗುರ ಲ್ಯಾಪ್‌ಟಾಪ್ ಬೇಡ. ಅದೇ ಹಣಕ್ಕೆ ದೊಡ್ಡ ಪರದೆಯ ಡೆಸ್ಕ್‌ಟಾಪ್ ಮತ್ತು ಒಂದು ಯುಪಿಎಸ್ ಬರುತ್ತದೆ. ವಾಳೆಗಳಿಗೆ ಹೋಗಿ ಪ್ರೊಜೆಕ್ಟರ್ ಮೂಲಕ ಧರ್ಮೋಪದೇಶ ತರಗತಿ ನಡೆಸುವವರಿಗೆ ಹಗುರದ್ದು ಬೇಕು. ಆದರೆ ತೆಳು ಮಾದರಿಗಳಲ್ಲಿ ಎಚ್‌ಡಿಎಂಐ ಇಲ್ಲದಿರಬಹುದು, ಸಭಾಭವನದ ಹಳೆಯ ಪ್ರೊಜೆಕ್ಟರಿನಲ್ಲಿ ವಿಜಿಎ ಮಾತ್ರ ಇರಬಹುದು. ಸರಿಯಾದ ಅಡಾಪ್ಟರನ್ನು ಖರೀದಿಯ ದಿನವೇ ತೆಗೆದುಕೊಂಡು ಪರೀಕ್ಷಿಸಿ. ಜನ ಸೇರಿದ ಮೇಲೆ ಹುಡುಕಿದರೆ ಸಿಗದು.

ನಿಪ್ಪಾಣಿ ಕಡೆ ತಂಬಾಕಿನ ಧೂಳು, ನಮ್ಮಲ್ಲಿ ಉಪ್ಪು ಗಾಳಿ ಮತ್ತು ತೇವ. ಧೂಳಿನಿಂದ ಫ್ಯಾನ್ ಕಟ್ಟಿಕೊಳ್ಳುತ್ತದೆ, ತೇವದಿಂದ ಒಳಗೆ ಹಸಿರು ಹಿಡಿಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಕಪಾಟಿನಲ್ಲಿ ಮುಚ್ಚಿಡುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಬಳಸುವುದೇ ಒಳ್ಳೆಯದು. ಸಿಡಿಲು ಗುಡುಗಿನ ಸಂಜೆಗಳಲ್ಲಿ ಪ್ಲಗ್ಗನ್ನು ತೆಗೆದಿಡಿ.

ಬಿಲ್ಲಿನ ಬಗ್ಗೆ ಕೊಗನೊಳ್ಳಿಯ ತಂದೆಗೆ ಇನ್ನೊಂದು ಸಂಶಯವಿತ್ತು: ಕೊಲ್ಹಾಪುರದಲ್ಲಿ ಕೊಂಡರೆ ಕರ್ನಾಟಕದಲ್ಲಿ ವಾರಂಟಿ ಸಿಗುತ್ತದೆಯೇ? 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಲ್ಯಾಪ್‌ಟಾಪಿನ ತೆರಿಗೆ ಎರಡೂ ರಾಜ್ಯದಲ್ಲಿ ಒಂದೇ, ಶೇಕಡಾ 18. ಭಾರತದಲ್ಲಿ ಅಧಿಕೃತವಾಗಿ ಮಾರಿದ ಹೆಸರಾಂತ ಕಂಪನಿಯ ಯಂತ್ರಕ್ಕೆ ವಾರಂಟಿ ದೇಶಕ್ಕೆಲ್ಲ ಅನ್ವಯಿಸುವುದು ಸಾಮಾನ್ಯ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೈಯಲ್ಲಿರಬೇಕು. ಮನೆಗೇ ಬಂದು ರಿಪೇರಿ ಮಾಡುವ ಸೌಲಭ್ಯ ಮಾತ್ರ ಎಲ್ಲ ಪಿನ್‌ಕೋಡ್‌ಗಳಿಗೂ ಇರುವುದಿಲ್ಲ. ದುಡ್ಡು ಕೊಡುವ ಮೊದಲು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ. ಇಲ್ಲವೆಂದರೆ ಹತ್ತಿರದ ಸೇವಾ ಕೇಂದ್ರ ಯಾವ ಊರಿನಲ್ಲಿದೆ, ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಬೆಲೆಯ ಜೊತೆ ಲೆಕ್ಕ ಹಾಕಿಕೊಳ್ಳಿ.