ಮನೆಯಲ್ಲೇ ಸೋಪ್, ಬಾಡಿ ಆಯಿಲ್ ತಯಾರಿಸಿ ಮಾರುತ್ತೀರಾ? ಬಾಟಲಿಯ ಲೇಬಲ್ ಆರಿಸುವ ಮುನ್ನ ಕೇರಳದಲ್ಲಿ ಏನಾಯ್ತು ನೋಡಿ

ತೆಂಗಿನೆಣ್ಣೆಯ ಸೋಪ್, ಮಗುವಿಗೆ ಹಚ್ಚುವ ಉರುಕ್ಕು ವೆಳಿಚ್ಚೆಣ್ಣ, ಗಿಡಮೂಲಿಕೆಯ ಬಾಡಿ ವಾಶ್. ಕೊಚ್ಚಿ ಮತ್ತು ತಿರುವನಂತಪುರಂನಲ್ಲಿ ಇಂಥವನ್ನು ಮನೆಯಲ್ಲೇ ತಯಾರಿಸಿ ಮೇಳಗಳಲ್ಲಿ, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಮಾರುವವರಿದ್ದಾರೆ. ಕರ್ನಾಟಕದಲ್ಲೂ ಈ ಗೃಹೋದ್ಯಮ ಹೊಸದೇನಲ್ಲ. ಸರಕು ಸಿದ್ಧವಾದ ಮೇಲೆ ಹೆಚ್ಚಿನವರು ಮೊದಲು ಯೋಚಿಸುವುದು ಲೇಬಲ್‌ನ ಬಣ್ಣ, ವಿನ್ಯಾಸದ ಬಗ್ಗೆ. ಆದರೆ ಅದರಲ್ಲಿ ಏನು ಬರೆದಿರಬೇಕು ಎಂಬುದು ಅದಕ್ಕಿಂತ ಮುಖ್ಯ ಪ್ರಶ್ನೆ.

ಕೇರಳದಲ್ಲಿ ನಡೆದದ್ದೇನು?

ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಪ್ರಕರಣಗಳನ್ನು ಅಧ್ಯಯನ ಮಾಡಿದ್ದರು. ಅವುಗಳಲ್ಲಿ 15 ಮಂದಿಯಲ್ಲಿ ಅಪರೂಪದ ಲಕ್ಷಣವೊಂದು ಕಂಡುಬಂದಿತ್ತು. ಆ 15 ಮಂದಿಯಲ್ಲಿ 13 ಮಂದಿ ಚರ್ಮ ಬೆಳ್ಳಗಾಗಿಸುವ ಕ್ರೀಮ್ ಬಳಸಿದ್ದರು. ಇಂಥ ಕ್ರೀಮ್‌ಗಳಲ್ಲಿನ ಪಾದರಸದತ್ತ ಅನುಮಾನ ತಿರುಗಿತು.

ಕೇರಳ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ 'ಆಪರೇಷನ್ ಸೌಂದರ್ಯ' ಹೆಸರಿನಲ್ಲಿ ಸೌಂದರ್ಯವರ್ಧಕಗಳ ತಪಾಸಣೆ ಆರಂಭಿಸಿತು. ಮೊದಲ ಎರಡು ಹಂತಗಳಲ್ಲಿ 7 ಲಕ್ಷ ರೂ.ಗೂ ಹೆಚ್ಚು ಮೌಲ್ಯದ ಸರಕು ವಶಪಡಿಸಿಕೊಂಡು 33 ಸಂಸ್ಥೆಗಳ ಮೇಲೆ ಪ್ರಕರಣ ಹೂಡಲಾಗಿದೆ, ಕೆಲವು ಮಾದರಿಗಳಲ್ಲಿ ಮಿತಿಗಿಂತ 12,000 ಪಟ್ಟು ಪಾದರಸ ಸಿಕ್ಕಿದೆ ಎಂದು ಆಗಿನ ಆರೋಗ್ಯ ಸಚಿವೆ ವೀಣಾ ಜಾರ್ಜ್ 2025ರ ಜನವರಿಯಲ್ಲಿ ತಿಳಿಸಿದ್ದರು. ಕೊಳ್ಳುವ ಮುನ್ನ ಲೇಬಲ್‌ನಲ್ಲಿ ತಯಾರಕರ ವಿಳಾಸ, ಪರವಾನಗಿ ವಿವರ ನೋಡಿ ಎಂಬುದು ಜನರಿಗೆ ಕೊಟ್ಟ ಎಚ್ಚರಿಕೆಯಾಗಿತ್ತು.

ಮನೆಯ ಸೋಪಿನಲ್ಲಿ ಪಾದರಸ ಇರುವುದಿಲ್ಲ ನಿಜ. ಆದರೆ ವಿಳಾಸವಿಲ್ಲದ ಬಾಟಲಿಯನ್ನು ಗ್ರಾಹಕರಾಗಲಿ, ಅಧಿಕಾರಿಗಳಾಗಲಿ ನಂಬಲು ಕಾರಣವೇ ಇರುವುದಿಲ್ಲ. ಯಾರಿಗಾದರೂ ತುರಿಕೆ, ಅಲರ್ಜಿ ಆದರೆ ಯಾವ ಬ್ಯಾಚ್, ಯಾವ ಪದಾರ್ಥ ಎಂದು ಪತ್ತೆ ಹಚ್ಚಲು ಇರುವುದು ಲೇಬಲ್ ಒಂದೇ.

ಮೊದಲು ಪರವಾನಗಿ, ನಂತರ ಲೇಬಲ್

ಸೌಂದರ್ಯವರ್ಧಕ ನಿಯಮಗಳು 2020ರ ಪ್ರಕಾರ ಮಾರಾಟ ಅಥವಾ ವಿತರಣೆಗೆ ಸೋಪ್, ಶಾಂಪೂ, ಲೋಷನ್ ತಯಾರಿಸಲು ರಾಜ್ಯ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಕೇರಳದಲ್ಲಿ ಇಲಾಖೆಯ ಕೇಂದ್ರ ಕಚೇರಿ ಇರುವುದು ತಿರುವನಂತಪುರಂನಲ್ಲಿ. ಕಾಸರಗೋಡಿನ ಕನ್ನಡಿಗರಿಗೂ ಇದೇ ಇಲಾಖೆ. ಕರ್ನಾಟಕದವರು ಇಲ್ಲಿನ ಇಲಾಖೆಗೆ ಅರ್ಜಿ ಹಾಕಬೇಕು. ನಿಯಮ ಮಾತ್ರ ಎರಡೂ ಕಡೆ ಒಂದೇ.

ಪರವಾನಗಿಗೆ ಪ್ರತ್ಯೇಕ ಜಾಗ, ಅರ್ಹ ತಾಂತ್ರಿಕ ಸಿಬ್ಬಂದಿ ಬೇಕಾಗುತ್ತದೆ. ಇದು ಕಷ್ಟ ಎನ್ನುವವರಿಗೆ 'ಲೋನ್ ಲೈಸೆನ್ಸ್' ದಾರಿ ಇದೆ. ಅಂದರೆ ಪರವಾನಗಿ ಇರುವ ಬೇರೊಂದು ಘಟಕದಲ್ಲಿ ತಮ್ಮ ಉತ್ಪನ್ನ ತಯಾರಿಸಿಕೊಳ್ಳುವುದು.

ಲೇಬಲ್‌ನಲ್ಲಿ ಏನೇನು ಇರಬೇಕು?

* ಉತ್ಪನ್ನದ ಹೆಸರು, ತಯಾರಕರ ಹೆಸರು ಮತ್ತು ತಯಾರಾದ ಸ್ಥಳದ ಪೂರ್ಣ ವಿಳಾಸ. ತೀರಾ ಚಿಕ್ಕ ಬಾಟಲಿಯಾದರೆ ಹೆಸರು, ಊರು, ಪಿನ್‌ಕೋಡ್ ಸಾಕು.
* ತಯಾರಿಕಾ ಪರವಾನಗಿ ಸಂಖ್ಯೆ.
* ಬ್ಯಾಚ್ ಸಂಖ್ಯೆ. ಸೋಪಿಗೆ ಇದರ ಬದಲು ತಯಾರಾದ ತಿಂಗಳು, ವರ್ಷ ಹಾಕಬಹುದು.
* ಯಾವ ತಿಂಗಳು, ವರ್ಷದೊಳಗೆ ಬಳಸಬೇಕು ಎಂಬ ಮಾಹಿತಿ.
* ಪದಾರ್ಥಗಳ ಪಟ್ಟಿ. ಶೇ.1ಕ್ಕಿಂತ ಹೆಚ್ಚಿರುವವನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಬರೆಯಬೇಕು. 60 ಮಿ.ಲೀ.ಗಿಂತ ಕಡಿಮೆ ದ್ರವ, 30 ಗ್ರಾಂಗಿಂತ ಕಡಿಮೆ ಗಟ್ಟಿ ಪದಾರ್ಥಕ್ಕೆ ವಿನಾಯಿತಿ ಇದೆ.
* ನಿವ್ವಳ ಪ್ರಮಾಣ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಪ್ರತಿ ಮಿ.ಲೀ. ಅಥವಾ ಗ್ರಾಂ ಬೆಲೆ, ಗ್ರಾಹಕರು ದೂರು ಹೇಳಲು ಫೋನ್ ಮತ್ತು ಇ-ಮೇಲ್. ಇವು ಕಾನೂನು ಮಾಪನಶಾಸ್ತ್ರ ಇಲಾಖೆಯ ಪೊಟ್ಟಣ ಸಾಮಗ್ರಿ ನಿಯಮಗಳು 2011ರ ಅಡಿ ಬರುತ್ತವೆ.

ಬಹಳ ಮಂದಿ ಎಡವುವುದು ಭಾಷೆಯ ವಿಷಯದಲ್ಲಿ. ಪೊಟ್ಟಣ ನಿಯಮದ ಪ್ರಕಾರ ಈ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು. ಕನ್ನಡ, ಮಲಯಾಳಂ ಜೊತೆಗೆ ಇರಬಹುದು, ಅವಷ್ಟೇ ಇದ್ದರೆ ಸಾಲದು. ತಪ್ಪಾದ ವಿವರದ ಮೇಲೆ ಪ್ರತ್ಯೇಕ ಚೀಟಿ ಅಂಟಿಸಿ ತಿದ್ದುವಂತೆಯೂ ಇಲ್ಲ. ಬೆಲೆ ಇಳಿಸುವಾಗ ಮಾತ್ರ, ಹಳೆಯ ಎಂಆರ್‌ಪಿ ಮುಚ್ಚದಂತೆ ಹೊಸ ಚೀಟಿ ಹಾಕಬಹುದು.

ಈ ಮಾತುಗಳು ಬೇಡ

'ಮೊಡವೆ ವಾಸಿ', 'ಸೋರಿಯಾಸಿಸ್‌ಗೆ ಪರಿಹಾರ' ಎಂದು ಬರೆದರೆ ಆ ಉತ್ಪನ್ನ ಸೌಂದರ್ಯವರ್ಧಕವಾಗಿ ಉಳಿಯುವುದಿಲ್ಲ, ಔಷಧದ ಸಾಲಿಗೆ ಸೇರುತ್ತದೆ. ಏಲಾದಿ, ನಾಲ್ಪಾಮರಾದಿಯಂಥ ಶಾಸ್ತ್ರೀಯ ತೈಲಗಳಿಗೆ ಆಯುರ್ವೇದ ಔಷಧ ತಯಾರಿಕೆಯ ಪರವಾನಗಿಯೇ ಬೇಕು. 'ಕೆಮಿಕಲ್ ಫ್ರೀ' ಎಂಬುದೂ ಸರಿಯಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಂಥ ಕ್ಷಾರ ಸೇರದೆ ಸೋಪ್ ಆಗುವುದೇ ಇಲ್ಲ.

ಕಾಗದವೋ, ಪ್ಲಾಸ್ಟಿಕ್ಕೋ?

ಕೇರಳ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ, ಅದು ಮುಗಿಯುತ್ತಿದ್ದಂತೆ ತುಲಾವರ್ಷ. ಗಾಳಿಯಲ್ಲಿ ಸದಾ ತೇವ. ಮಂಗಳೂರು, ಉಡುಪಿ ಕಡೆಯೂ ಹೆಚ್ಚು ಕಡಿಮೆ ಇದೇ ಹವಾಮಾನ. ಬಚ್ಚಲುಮನೆಯ ನೀರು, ಎಣ್ಣೆ ಕೈಯ ಜಿಡ್ಡು ಬೇರೆ. ಸಾದಾ ಕಾಗದದ ಲೇಬಲ್ ಇಲ್ಲಿ ಬೇಗ ಉಬ್ಬಿ ಸುಲಿದು ಬರುತ್ತದೆ. ಅದರ ಜೊತೆ ಬ್ಯಾಚ್ ಸಂಖ್ಯೆ, ದಿನಾಂಕವೂ ಹೋಗುತ್ತದೆ.

ನೀರು ತಾಗುವ ಬಾಟಲಿಗೆ ಬಿಒಪಿಪಿ ಎಂಬ ಪ್ಲಾಸ್ಟಿಕ್ ಹಾಳೆಯ ಲೇಬಲ್, ಅದರ ಮೇಲೆ ಲ್ಯಾಮಿನೇಶನ್ ಒಳ್ಳೆಯದು. ಹಿಂಡಿ ಬಳಸುವ ಮೆತ್ತನೆಯ ಬಾಟಲಿಗೆ ಬಗ್ಗುವ ಪಾಲಿಎಥಿಲೀನ್ ಅಥವಾ ವಿನೈಲ್ ಸೂಕ್ತ. ಗಟ್ಟಿ ಹಾಳೆಯಾದರೆ ಹಿಂಡಿದಾಗ ಸುಕ್ಕುಗಟ್ಟುತ್ತದೆ. ರಟ್ಟಿನ ಡಬ್ಬಿಯಲ್ಲಿಡುವ ಒಣ ಸೋಪಿಗೆ ಕಾಗದವೇ ಸಾಕು. ಸಾಮಾನ್ಯ ಇಂಕ್‌ಜೆಟ್ ಪ್ರಿಂಟರ್‌ನ ಡೈ ಇಂಕ್ ನೀರಿಗೆ ಹರಡುತ್ತದೆ. ಲೇಸರ್ ಅಥವಾ ಪಿಗ್ಮೆಂಟ್ ಇಂಕ್ ಬಳಸಿ.

ಅಳತೆಯೂ ಮುಖ್ಯ. 5 ಸೆಂ.ಮೀ. ವ್ಯಾಸದ ಬಾಟಲಿಯ ಸುತ್ತಳತೆ ಸುಮಾರು 15.7 ಸೆಂ.ಮೀ. ಇದಕ್ಕೆ 15.3 ಸೆಂ.ಮೀ. ಉದ್ದದ ಲೇಬಲ್ ಮಾಡಿಸಿದರೆ ಎರಡು ತುದಿಗಳು ಒಂದರ ಮೇಲೊಂದು ಬರುವುದಿಲ್ಲ.

ಸಾವಿರಗಟ್ಟಲೆ ಮುದ್ರಿಸುವ ಮುನ್ನ

ಎರ್ನಾಕುಲಂನ ಬ್ರಾಡ್‌ವೇ, ತಿರುವನಂತಪುರಂನ ಚಾಲ ಮಾರುಕಟ್ಟೆ ಇರಲಿ, ಬೆಂಗಳೂರಿನ ಚಿಕ್ಕಪೇಟೆ ಇರಲಿ, ಮೊದಲು ಕೆಲವೇ ಮಾದರಿ ಮಾಡಿಸಿ. ಬಾಟಲಿಯ ಜಿಡ್ಡು ಒರೆಸಿ, ಒಣಗಿದ ಮೇಲೆ ಅಂಟಿಸಿ, ಒಂದು ದಿನ ಬಿಡಿ. ನಂತರ ಅದೇ ಎಣ್ಣೆಯನ್ನು ಲೇಬಲ್ ಮೇಲೆ ಸವರಿ, ರಾತ್ರಿಯಿಡೀ ನೀರಿನ ಬಕೆಟ್‌ನಲ್ಲಿ ಇಡಿ. ಬೆಳಿಗ್ಗೆ ಬೆರಳಿನಿಂದ ಉಜ್ಜಿದಾಗ ಅಕ್ಷರ ಅಳಿಸಬಾರದು, ಅಂಚು ಏಳಬಾರದು.

ಬ್ಯಾಚ್, ದಿನಾಂಕ, ಎಂಆರ್‌ಪಿ ಪ್ರತಿ ಸಲ ಬದಲಾಗುತ್ತವೆ. ಅವಕ್ಕೆ ಖಾಲಿ ಚೌಕ ಬಿಟ್ಟು, ಅಳಿಸದ ಶಾಯಿಯಲ್ಲಿ ಆಮೇಲೆ ಮುದ್ರೆ ಹಾಕಿದರೆ ಹಳೆಯ ಲೇಬಲ್ ವ್ಯರ್ಥವಾಗುವುದಿಲ್ಲ. ಅದೇ ಬ್ಯಾಚ್ ಸಂಖ್ಯೆಯನ್ನು ಒಂದು ಪುಸ್ತಕದಲ್ಲೂ ಬರೆದಿಡಿ. ದೂರು ಬಂದ ದಿನ ಆ ಪುಸ್ತಕ ಮತ್ತು ಓದಲು ಬರುವ ಲೇಬಲ್ ಎರಡೂ ಇದ್ದರೆ, ತೊಂದರೆ ಆದ ಬ್ಯಾಚ್ ಮಾತ್ರ ವಾಪಸ್ ಪಡೆದರೆ ಸಾಕು.