ಕೆಂಪು ದ್ರವ, ಹಸಿರು ತೈಲ: ಒಂದು ಯಂತ್ರಚರಿತ್ರೆ

ಯಂತ್ರದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ನಿರ್ಮಾತೃವಿನ ಹೆಸರಿನೊಡನೆ ಮುಗಿಸಿಬಿಡುತ್ತೇವೆ. ಅಷ್ಟು ಸಾಲದೆಂಬುದಕ್ಕೆ ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್. ಕಾರು ನಿದರ್ಶನವಾಗಿದೆ.

1955ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದ ಈ ಕಾರಿಗೆ ಪಾಲ್ ಮಾಜೆಸ್ ಅವರು ಉಕ್ಕಿನ ಸ್ಪ್ರಿಂಗುಗಳಿಗೆ ಬದಲಾಗಿ ಚಕ್ರಕ್ಕೊಂದು ಲೋಹಗೋಳವನ್ನು ಅಳವಡಿಸಿದರು. ಗೋಳದೊಳಗಿನ ರಬ್ಬರು ಪೊರೆಯ ಒಂದು ಬದಿಗೆ ನೈಟ್ರೋಜನ್ ಅನಿಲ, ಮತ್ತೊಂದು ಬದಿಗೆ ಪಂಪಿನ ಒತ್ತಡಕ್ಕೊಳಗಾದ ದ್ರವ.

ಆದರೆ ಮೊದಮೊದಲು ಬಳಸಿದ ದ್ರವವು ಗಾಳಿಯ ತೇವವನ್ನು ಹೀರಿ, ಲೋಹದ ಭಾಗಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಸುತ್ತಿತ್ತು. ಇದಕ್ಕೆ ಪರಿಹಾರವಾಗಿ 1966ರಲ್ಲಿ ಹಸಿರು ಬಣ್ಣದ ಖನಿಜತೈಲ ಬಂದಿತು. ಹಿಂದಿನ ಕೆಂಪು ದ್ರವಕ್ಕೆಂದು ಮಾಡಿದ ರಬ್ಬರು ಸೀಲುಗಳನ್ನು ಈ ತೈಲವು ಕೆಡಿಸುತ್ತದೆ. ಆದುದರಿಂದ ಹಳೆಯ ಡಿ.ಎಸ್. ಕಾರಿನ ದುರಸ್ತಿಗೆ ತೊಡಗುವವನು ಅದು ಯಾವ ದ್ರವದ ಕಾಲದ್ದೆಂದು ಮೊದಲು ನಿರ್ಣಯಿಸಬೇಕು. ತಪ್ಪಿದರೆ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ.

ಕಾಲನಿರ್ಣಯವು ಇತಿಹಾಸಕಾರನ ಕೆಲಸವೆಂದು ನಾವು ತಿಳಿದಿದ್ದೇವೆ. ಇಲ್ಲಿ ಅದು ದುರಸ್ತಿಗಾರನ ಕೆಲಸವೂ ಆಗಿದೆ.